ವ್ಯಾನಿನ ಮನೆಗೆ ಸೌರವಿದ್ಯುತ್ತು: ಚಾರ್ಜ್ ನಿಯಂತ್ರಕವನ್ನು ಆರಿಸುವುದು ಹೇಗೆ?

ಕೋಲಾರ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಗಳಲ್ಲಿ ಹರಿದು ಇಲ್ಲಿನ ಚಿನ್ನದ ಗಣಿಗಳನ್ನು ತಲಪಿತು. ನೂರಕ್ಕೂ ಹೆಚ್ಚು ವರ್ಷಗಳ ಅನಂತರ, 2010ರ ಹೊತ್ತಿಗೆ, ಇದೇ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ಈಗ ಸೌರಫಲಕಗಳು ಮನೆಯ ಮಾಳಿಗೆ, ಬೀದಿದೀಪ, ತೋಟದ ಪಂಪುಸೆಟ್ಟು ಎಲ್ಲೆಡೆ ಕಾಣಸಿಗುತ್ತವೆ. ವಾಹನಗಳ ನೆತ್ತಿಯ ಮೇಲೂ ಅವು ಹತ್ತಿವೆ.

ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟುಗಳ ಜಾಗದಲ್ಲಿ ಮಲಗಲು ಹಲಗೆ, ಒಂದು ಫ್ಯಾನು, ಎರಡು ದೀಪ ಅಳವಡಿಸಿಕೊಂಡು ಊರೂರು ಸುತ್ತುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ಶಾಲೆಯಿಂದ ಶಾಲೆಗೆ ಪ್ರಯೋಗ ಸಾಮಗ್ರಿ ಹೊತ್ತೊಯ್ಯುವ ಸಂಚಾರಿ ಪ್ರಯೋಗಾಲಯದ ಅಗತ್ಯವೂ ಹೆಚ್ಚುಕಡಿಮೆ ಇದೇ. ಇಂಥ ವ್ಯಾನನ್ನು ಸ್ವತಃ ಸಿದ್ಧಪಡಿಸುವವರು ಫಲಕ ಮತ್ತು ಬ್ಯಾಟರಿಗಳ ಬಗ್ಗೆ ಹತ್ತಾರು ಜನರನ್ನು ಕೇಳುತ್ತಾರೆ. ಅವೆರಡರ ನಡುವೆ ಕುಳಿತುಕೊಳ್ಳುವ ಅಂಗೈಯಗಲದ ಪೆಟ್ಟಿಗೆಯನ್ನು ಮಾತ್ರ ಅಂಗಡಿಯವರು ಕೊಟ್ಟಂತೆ ತರುತ್ತಾರೆ. ಆ ಪೆಟ್ಟಿಗೆಯೇ ಚಾರ್ಜ್ ನಿಯಂತ್ರಕ. ಅದರ ಆಯ್ಕೆ ತಪ್ಪಿದರೆ ಕೊಂಡ ಫಲಕದ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ವ್ಯರ್ಥವಾಗಬಹುದು, ಬ್ಯಾಟರಿ ಒಂದೆರಡು ವರ್ಷದಲ್ಲೇ ಕೆಡಬಹುದು, ನಿಯಂತ್ರಕವೇ ಸುಟ್ಟುಹೋಗಬಹುದು. ಸರಿಯಾದ ಆಯ್ಕೆಗೆ ಬೇಕಾದದ್ದು ಪ್ರೌಢಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರ, ಜೊತೆಗೆ ಫಲಕದ ಹಿಂಬದಿಯ ಚೀಟಿಯನ್ನು ಓದುವ ಅಭ್ಯಾಸ. ಬನ್ನಿ, ಒಂದು ವ್ಯಾನನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕೋಣ.

ನಿಯಂತ್ರಕ ಏಕೆ ಬೇಕು?

12 ವೋಲ್ಟ್ ಬ್ಯಾಟರಿಗೆಂದು ಮಾರುವ ಸೌರಫಲಕದಲ್ಲಿ ಸಾಮಾನ್ಯವಾಗಿ 36 ಸಿಲಿಕಾನ್ ಕೋಶಗಳು ಸರಣಿಯಲ್ಲಿರುತ್ತವೆ. ಬಿಸಿಲಿನಲ್ಲಿ, ಏನನ್ನೂ ಜೋಡಿಸದಿರುವಾಗ, ಇದರ ತುದಿಗಳ ನಡುವೆ ಸುಮಾರು 22 ವೋಲ್ಟ್ ಇರುತ್ತದೆ. ಇದು ಫಲಕದ ತೆರೆದ ಮಂಡಲ ವೋಲ್ಟೇಜು. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿಯ ವೋಲ್ಟೇಜು ಸುಮಾರು 12.7 ಮಾತ್ರ. ಇವೆರಡನ್ನೂ ನೇರವಾಗಿ ಜೋಡಿಸಿದರೆ ಬ್ಯಾಟರಿ ತುಂಬಿದ ಮೇಲೂ ಪ್ರವಾಹ ನುಗ್ಗುತ್ತಲೇ ಇರುತ್ತದೆ. ಆಗ ಬ್ಯಾಟರಿಯ ನೀರು ವಿದ್ಯುದ್ವಿಭಜನೆಗೊಂಡು ಹೈಡ್ರೋಜನ್ ಮತ್ತು ಆಕ್ಸಿಜನ್ ಹೊರಬರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಪ್ರಮಾಣ ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿ ಸಾಕು. ಮನೆಯ ಬ್ಯಾಟರಿ ಜಗಲಿಯಲ್ಲೋ ಮೆಟ್ಟಿಲ ಕೆಳಗೋ ಇರುತ್ತದೆ. ವ್ಯಾನಿನಲ್ಲಾದರೆ ನೀವು ಮಲಗುವ ಹಲಗೆಯ ಕೆಳಗೇ ಇರುತ್ತದೆ. ಆದ್ದರಿಂದ ಇಲ್ಲಿ ನಿಯಂತ್ರಕದ ಹೊಣೆ ಹೆಚ್ಚು.

ನಿಯಂತ್ರಕ ಮಾಡುವ ಇನ್ನೆರಡು ಕೆಲಸಗಳಿವೆ. ರಾತ್ರಿ ಬ್ಯಾಟರಿಯಿಂದ ಫಲಕದತ್ತ ಪ್ರವಾಹ ಹಿಂದಕ್ಕೆ ಹರಿಯದಂತೆ ಅದು ತಡೆಯುತ್ತದೆ. ಬ್ಯಾಟರಿ ತೀರ ಬರಿದಾಗುವ ಮೊದಲು, ಸಾಮಾನ್ಯವಾಗಿ 11ರಿಂದ 11.5 ವೋಲ್ಟಿಗೆ ಇಳಿದಾಗ, ದೀಪ ಫ್ಯಾನುಗಳ ಸಂಪರ್ಕವನ್ನು ಕಡಿಯುತ್ತದೆ. ಬರಿದಾದ ಸೀಸ-ಆಮ್ಲ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳುಗಳು ಬೆಳೆದು ಅದರ ಧಾರಣಶಕ್ತಿ ಕುಗ್ಗುತ್ತದೆ.

ಮೊದಲು ಹೊರೆಯ ಲೆಕ್ಕ

ನಮ್ಮ ಉದಾಹರಣೆಯ ವ್ಯಾನ್ ಕೋಲಾರ ತಾಲ್ಲೂಕಿನ ಹುತ್ತೂರಿನದು ಎಂದಿಟ್ಟುಕೊಳ್ಳಿ. ರಜೆಯಲ್ಲಿ ಮುಳಬಾಗಿಲಿನ ಆವಣಿ, ಕುರುಡುಮಲೆ, ಶ್ರೀನಿವಾಸಪುರದ ಮಾವಿನ ತೋಪುಗಳು, ಮಾಲೂರು, ಕೆಲವೊಮ್ಮೆ ಇನ್ನೂ ದೂರ ಹೋಗುತ್ತದೆ. ಅದರ ದಿನದ ಹೊರೆ ಹೀಗಿದೆ:

5 ವಾಟಿನ 2 ಎಲ್‌ಇಡಿ ದೀಪ, 5 ಗಂಟೆ: 50 ವಾಟ್-ಗಂಟೆ
15 ವಾಟಿನ ಡಿಸಿ ಫ್ಯಾನು, 8 ಗಂಟೆ: 120 ವಾಟ್-ಗಂಟೆ
ಮೊಬೈಲು ಚಾರ್ಜಿಂಗ್: 30 ವಾಟ್-ಗಂಟೆ
50 ವಾಟಿನ ಲ್ಯಾಪ್‌ಟಾಪ್, 2 ಗಂಟೆ: 100 ವಾಟ್-ಗಂಟೆ
ಒಟ್ಟು: 300 ವಾಟ್-ಗಂಟೆ

ಕೋಲಾರದ ಸೀಮೆಯಲ್ಲಿ ಪ್ರತಿ ಚದರ ಮೀಟರಿಗೆ ದಿನಕ್ಕೆ ಬೀಳುವ ಸೌರಶಕ್ತಿಯ ವಾರ್ಷಿಕ ಸರಾಸರಿ ಸುಮಾರು 5ರಿಂದ 5.5 ಕಿಲೋವಾಟ್-ಗಂಟೆ. ಪೂರ್ಣ ಬಿಸಿಲಿನ 5 ಗಂಟೆಗಳಿಗೆ ಇದು ಸಮ. ಮಳೆಗಾಲದ ಮೋಡಗಳಿಗೆ ಅವಕಾಶ ಕೊಟ್ಟು 4 ಗಂಟೆ ಎಂದೇ ಹಿಡಿಯೋಣ. ಫಲಕದ ಬಿಸಿ, ದೂಳು, ತಂತಿ, ಬ್ಯಾಟರಿ ಇವೆಲ್ಲದರ ನಷ್ಟ ಕಳೆದು ಶೇಕಡಾ 60 ಕೈಗೆ ಸಿಕ್ಕುತ್ತದೆ ಎನ್ನೋಣ. ಆಗ ಬೇಕಾದ ಫಲಕ 300 ÷ (4 × 0.6) = 125 ವಾಟ್. ಮಾರುಕಟ್ಟೆಯಲ್ಲಿ ಸಿಗುವ 160 ವಾಟ್ ಫಲಕ ಸಾಕು. ಅದರ ವಿಸ್ತಾರ ಸುಮಾರು ಒಂದು ಚದರ ಮೀಟರು, ಚಿಕ್ಕ ವ್ಯಾನಿನ ನೆತ್ತಿಯ ಮೇಲೂ ಹಿಡಿಸುತ್ತದೆ.

ವ್ಯಾನಿನ ಮೇಲೆ ಫಲಕವನ್ನು ಅಡ್ಡಲಾಗಿ, ಚಪ್ಪಟೆಯಾಗಿ ಕೂರಿಸುವುದೇ ರೂಢಿ. ಕೋಲಾರದ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಆಗ ಇದರಿಂದ ನಷ್ಟವಿಲ್ಲ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ 53.5 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಅದರ ಸೈನ್ ಬೆಲೆ 0.80. ಎಂದರೆ ಸೂರ್ಯನಿಗೆ ಎದುರಾಗಿ ಹಿಡಿದ ಫಲಕದ ಮೇಲೆ ಬೀಳುವ ಬೆಳಕಿನ ಶೇಕಡಾ 80ರಷ್ಟು ಮಾತ್ರ ಚಪ್ಪಟೆ ಫಲಕದ ಮೇಲೆ ಬೀಳುತ್ತದೆ. 160 ವಾಟಿನ ಫಲಕದಲ್ಲಿ ಇದಕ್ಕೂ ಅವಕಾಶವಿದೆ.

ಬ್ಯಾಟರಿ 12 ವೋಲ್ಟ್, 100 ಆಂಪೇರ್-ಗಂಟೆ. ಅದರಲ್ಲಿರುವ ಶಕ್ತಿ 1200 ವಾಟ್-ಗಂಟೆ. ಸೀಸ-ಆಮ್ಲ ಬ್ಯಾಟರಿಯಾದರೆ ಅರ್ಧವನ್ನಷ್ಟೇ ಬಳಸಬೇಕು. ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯುತ್ತದೆ.

ಎರಡು ಬಗೆಯ ನಿಯಂತ್ರಕಗಳು

ಅಂಗಡಿಯಲ್ಲಿ ನಿಮಗೆ ಎರಡು ಹೆಸರು ಕೇಳಿಸುತ್ತವೆ: ಪಿಡಬ್ಲ್ಯೂಎಂ ಮತ್ತು ಎಂಪಿಪಿಟಿ. ಎರಡನೆಯದರ ಬೆಲೆ ಮೊದಲನೆಯದರ ಹಲವು ಪಟ್ಟು ಇರುತ್ತದೆ. 'ಎಂಪಿಪಿಟಿಯೇ ಒಳ್ಳೆಯದು, ಶೇಕಡಾ 30 ಹೆಚ್ಚು ಕರೆಂಟು ಬರುತ್ತದೆ' ಎಂಬ ಮಾತನ್ನೂ ಕೇಳುತ್ತೀರಿ. ಇದು ಎಷ್ಟರ ಮಟ್ಟಿಗೆ ನಿಜ?

ಪಿಡಬ್ಲ್ಯೂಎಂ ಎಂದರೆ ಪಲ್ಸ್ ವಿಡ್ತ್ ಮಾಡ್ಯುಲೇಷನ್. ಇದರ ಒಳಗಿರುವುದು ಮೂಲತಃ ಒಂದು ವೇಗದ ಎಲೆಕ್ಟ್ರಾನಿಕ್ ಸ್ವಿಚ್ಚು. ಬ್ಯಾಟರಿ ಹಸಿದಿರುವಾಗ ಸ್ವಿಚ್ಚು ಮುಚ್ಚಿಯೇ ಇದ್ದು, ಫಲಕ ಬ್ಯಾಟರಿಗೆ ನೇರವಾಗಿ ಜೋಡಿಸಿದಂತೆ ಇರುತ್ತದೆ. ಬ್ಯಾಟರಿ ತುಂಬುತ್ತ ಬಂದಂತೆ ಸ್ವಿಚ್ಚು ಸೆಕೆಂಡಿಗೆ ಹಲವು ಬಾರಿ ತೆರೆದು ಮುಚ್ಚುತ್ತ, ಮುಚ್ಚಿರುವ ಅವಧಿಯನ್ನು ಕಿರಿದು ಮಾಡುತ್ತ ಹೋಗುತ್ತದೆ. ಚಾರ್ಜು ನಡೆಯುತ್ತಿರುವಾಗ ಫಲಕದ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗೆ ಎಳೆಯಲ್ಪಟ್ಟಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಎಂಪಿಪಿಟಿ ಎಂದರೆ ಗರಿಷ್ಠ ಸಾಮರ್ಥ್ಯದ ಬಿಂದುವನ್ನು ಹುಡುಕಿ ಹಿಡಿಯುವ ವಿಧಾನ. ಫಲಕದ ವೋಲ್ಟೇಜನ್ನು ಸೊನ್ನೆಯಿಂದ ಏರಿಸುತ್ತ ಹೋದರೆ ಅದು ಕೊಡುವ ಪ್ರವಾಹ ಬಹುಕಾಲ ಒಂದೇ ಸಮ ಇದ್ದು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಪ್ರವಾಹ ಕುಸಿಯಲಾರಂಭಿಸುವ ಮೊಣಕಾಲಿನಂಥ ತಿರುವಿನಲ್ಲಿ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧ ಅತಿ ಹೆಚ್ಚು. ನಮ್ಮ 160 ವಾಟ್ ಫಲಕದಲ್ಲಿ ಈ ಬಿಂದು ಸುಮಾರು 18 ವೋಲ್ಟ್, 8.9 ಆಂಪೇರಿನಲ್ಲಿದೆ. ಎಂಪಿಪಿಟಿ ನಿಯಂತ್ರಕ ಫಲಕವನ್ನು ಇದೇ ಬಿಂದುವಿನಲ್ಲಿ ದುಡಿಸಿ, ಸಿಕ್ಕ ಸಾಮರ್ಥ್ಯವನ್ನು ಬ್ಯಾಟರಿಗೆ ಒಪ್ಪುವ ಕಡಿಮೆ ವೋಲ್ಟೇಜು, ಹೆಚ್ಚು ಪ್ರವಾಹದ ರೂಪಕ್ಕೆ ಇಳಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಹೆಚ್ಚು ವೋಲ್ಟೇಜಿನಲ್ಲಿ ಸಾಗಿಸಿ ಗಣಿಯ ಬಳಿ ಇಳಿಸಿಕೊಂಡದ್ದೂ ಇದೇ ತತ್ತ್ವದಿಂದ. ಅಲ್ಲಿ ಪರ್ಯಾಯ ಪ್ರವಾಹವಿದ್ದುದರಿಂದ ಟ್ರಾನ್ಸ್‌ಫಾರ್ಮರ್ ಸಾಕಾಯಿತು. ಫಲಕದ್ದು ನೇರ ಪ್ರವಾಹವಾದ್ದರಿಂದ ಇಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುವ ಸ್ವಿಚ್ಚೂ ಶಕ್ತಿಯನ್ನು ಕ್ಷಣಕಾಲ ಹಿಡಿದಿಡುವ ತಾಮ್ರದ ಸುರುಳಿಯೂ ಬೇಕು. ಎಂಪಿಪಿಟಿಯ ಬೆಲೆ ಮತ್ತು ತೂಕ ಎರಡಕ್ಕೂ ಇದೇ ಕಾರಣ.

ಆ ಬಿಂದುವನ್ನು ನಿಯಂತ್ರಕ ಕಂಡುಹಿಡಿಯುವುದು ಹೇಗೆ? ಮಂಜು ಮುಸುಕಿದಾಗ ಅಂತರಗಂಗೆ ಬೆಟ್ಟ ಹತ್ತುವವರನ್ನು ನೆನೆಸಿಕೊಳ್ಳಿ. ತುದಿ ಕಾಣದು. ಒಂದು ಹೆಜ್ಜೆ ಇಟ್ಟಾಗ ಎತ್ತರ ಹೆಚ್ಚಿದರೆ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತಾರೆ, ತಗ್ಗಿದರೆ ಹಿಂದಿರುಗುತ್ತಾರೆ. ನಿಯಂತ್ರಕವೂ ವೋಲ್ಟೇಜನ್ನು ಸ್ವಲ್ಪ ಬದಲಿಸಿ, ಸಾಮರ್ಥ್ಯ ಹೆಚ್ಚಿತೇ ಕಡಿಮೆಯಾಯಿತೇ ಎಂದು ನೋಡಿ, ಮುಂದಿನ ಹೆಜ್ಜೆ ಇಡುತ್ತದೆ. ಫಲಕದ ಒಂದು ಮೂಲೆಗೆ ಮರದ ಕೊಂಬೆಯ ಅಥವಾ ಸಾಮಾನಿನ ಕಟ್ಟೆಯ ನೆರಳು ಬಿದ್ದರೆ ಮಾತ್ರ ತೊಡಕು. ಆಗ ಒಂದೇ ಶಿಖರವಿದ್ದಲ್ಲಿ ಎರಡು ಮೂರು ಶಿಖರಗಳಾಗುತ್ತವೆ. ಕೋಲಾರದ ಬೆಟ್ಟಸಾಲಿಗೆ ಶತಶೃಂಗ, ಅಂದರೆ ನೂರು ಶಿಖರ, ಎಂಬ ಹೆಸರಿದೆಯಷ್ಟೆ. ಅಂಥ ಕಡೆ ಮಂಜಿನಲ್ಲಿ ಹತ್ತುವವರು ಚಿಕ್ಕ ಶಿಖರವನ್ನೇ ತುದಿ ಎಂದು ತಿಳಿದು ನಿಲ್ಲಬಹುದು. ಸಾಧಾರಣ ಎಂಪಿಪಿಟಿಯೂ ಹಾಗೆಯೇ ಮೋಸಹೋಗುತ್ತದೆ. ಉತ್ತಮ ದರ್ಜೆಯವು ಆಗಾಗ ಇಡೀ ವ್ಯಾಪ್ತಿಯನ್ನು ಒಮ್ಮೆ ತಡಕಾಡಿ ನೋಡುತ್ತವೆ.

ಶೇಕಡಾ 30ರ ಮಾತು ಎಷ್ಟು ನಿಜ?

ಫಲಕದ ಚೀಟಿಯಲ್ಲಿ ಬರೆದಿರುವ ಸಂಖ್ಯೆಗಳನ್ನು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದಿರುತ್ತಾರೆ. ಆ ಸ್ಥಿತಿಯಲ್ಲಿ ಪಿಡಬ್ಲ್ಯೂಎಂ ನಿಯಂತ್ರಕ 13 ವೋಲ್ಟಿನ ಬ್ಯಾಟರಿಗೆ ಸುಮಾರು 9.1 ಆಂಪೇರ್, ಎಂದರೆ 118 ವಾಟ್ ಕೊಡುತ್ತದೆ. ಶೇಕಡಾ 96 ದಕ್ಷತೆಯ ಎಂಪಿಪಿಟಿ 154 ವಾಟ್ ಕೊಡುತ್ತದೆ. ಅಂತರ ಶೇಕಡಾ 30. ಅಂಗಡಿಯವರ ಮಾತು ಇಲ್ಲಿಂದ ಬಂದದ್ದು.

ಆದರೆ ಏಪ್ರಿಲ್ ಮಧ್ಯಾಹ್ನ ಹುತ್ತೂರಿನಲ್ಲಿ ನಿಂತ ವ್ಯಾನಿನ ನೆತ್ತಿಯ ಮೇಲೆ ಕೋಶಗಳ ಉಷ್ಣತೆ 65 ಡಿಗ್ರಿಗೆ ಏರುವುದು ಅಪರೂಪವಲ್ಲ. ಸಿಲಿಕಾನ್ ಕೋಶಗಳು ಬಿಸಿಯಾದಂತೆ ಅವುಗಳ ವೋಲ್ಟೇಜು ಇಳಿಯುತ್ತದೆ, ಪ್ರವಾಹದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರದು. ಗರಿಷ್ಠ ಸಾಮರ್ಥ್ಯ ಡಿಗ್ರಿಗೆ ಸುಮಾರು ಶೇಕಡಾ 0.4ರಂತೆ ಕುಗ್ಗುತ್ತದೆ. 40 ಡಿಗ್ರಿ ಹೆಚ್ಚಳಕ್ಕೆ ಶೇಕಡಾ 16 ನಷ್ಟ. 160 ವಾಟಿನ ಫಲಕ ಈಗ 134 ವಾಟಿನದು. ಎಂಪಿಪಿಟಿಯ ಮೂಲಕ ಬ್ಯಾಟರಿಗೆ ಸಿಗುವುದು 129 ವಾಟ್. ಪಿಡಬ್ಲ್ಯೂಎಂ ಬಳಸಿಕೊಳ್ಳುವುದು ಪ್ರವಾಹವನ್ನು. ಅದು ಹೆಚ್ಚು ಬದಲಾಗಿಲ್ಲವಾದ್ದರಿಂದ 118 ವಾಟ್ ಹಾಗೆಯೇ ಉಳಿಯುತ್ತದೆ. ಶೇಕಡಾ 30ರ ಅಂತರ ಈಗ ಶೇಕಡಾ 9ಕ್ಕೆ ಇಳಿಯಿತು. ಬ್ಯಾಟರಿ ತುಂಬುತ್ತ ಬಂದು ಅದರ ವೋಲ್ಟೇಜು 14.2ಕ್ಕೆ ಏರಿದಾಗ ಪಿಡಬ್ಲ್ಯೂಎಂ ಕೊಡುವುದು 128 ವಾಟ್. ಅಂತರವೇ ಇಲ್ಲ!

ಆದ್ದರಿಂದ 36 ಕೋಶಗಳ ಒಂದು ಫಲಕ, ಒಂದು ಸೀಸ-ಆಮ್ಲ ಬ್ಯಾಟರಿ ಇರುವ ಚಿಕ್ಕ ವ್ಯಾನಿಗೆ, ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ, ಒಳ್ಳೆಯ ಪಿಡಬ್ಲ್ಯೂಎಂ ಸಾಕು. ಉಳಿದ ಹಣ ದಪ್ಪ ತಂತಿಗೆ, ಉತ್ತಮ ಬ್ಯಾಟರಿಗೆ ಸಲ್ಲಲಿ.

ಫಲಕ ಬದಲಾದರೆ ತೀರ್ಮಾನವೂ ಬದಲಾಗುತ್ತದೆ

ಈಗ ಅಗ್ಗವಾಗಿ ಹೇರಳವಾಗಿ ಸಿಗುವುದು ಮನೆಯ ಮಾಳಿಗೆಗೂ ಸ್ಥಾವರಗಳಿಗೂ ತಯಾರಾಗುವ ದೊಡ್ಡ ಫಲಕಗಳು. ಪ್ರತಿ ವಾಟಿಗೆ ಲೆಕ್ಕ ಹಾಕಿದರೆ 36 ಕೋಶಗಳ ಫಲಕಕ್ಕಿಂತ ಇವು ಸಾಕಷ್ಟು ಅಗ್ಗ. ಇವನ್ನು ಕೊಂಡು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯೂಎಂ ಮೂಲಕ ಜೋಡಿಸಿದರೆ ಏನಾಗುತ್ತದೆ ನೋಡಿ. ಕೋಶದ ಉಷ್ಣತೆ 65 ಡಿಗ್ರಿ, ಬ್ಯಾಟರಿ 13 ವೋಲ್ಟ್ ಎಂದು ಹಿಡಿದಿದೆ.

160 ವಾಟ್ ಫಲಕ, 18 ವೋಲ್ಟ್, 8.9 ಆಂಪೇರ್: ಪಿಡಬ್ಲ್ಯೂಎಂ 118 ವಾಟ್, ಎಂಪಿಪಿಟಿ 129 ವಾಟ್
300 ವಾಟ್ ಫಲಕ, 32 ವೋಲ್ಟ್, 9.4 ಆಂಪೇರ್: ಪಿಡಬ್ಲ್ಯೂಎಂ 122 ವಾಟ್, ಎಂಪಿಪಿಟಿ 242 ವಾಟ್
540 ವಾಟ್ ಫಲಕ, 41.5 ವೋಲ್ಟ್, 13 ಆಂಪೇರ್: ಪಿಡಬ್ಲ್ಯೂಎಂ 169 ವಾಟ್, ಎಂಪಿಪಿಟಿ 435 ವಾಟ್

300 ವಾಟಿನ ಫಲಕಕ್ಕೆ ಹಣ ತೆತ್ತು 122 ವಾಟ್ ಪಡೆಯುವುದು 160 ವಾಟಿನ ಫಲಕಕ್ಕಿಂತ ಕೇವಲ 4 ವಾಟ್ ಹೆಚ್ಚು! ಪಿಡಬ್ಲ್ಯೂಎಂ ಫಲಕದ ವೋಲ್ಟೇಜನ್ನು 13ಕ್ಕೆ ಎಳೆದು ಉಳಿದುದನ್ನು ಬಿಟ್ಟುಬಿಡುತ್ತದೆ. ಇಂಥ ಫಲಕಗಳಿಗೆ ಎಂಪಿಪಿಟಿ ಅನಿವಾರ್ಯ. ಎಂದರೆ 'ಯಾವ ನಿಯಂತ್ರಕ ಒಳ್ಳೆಯದು?' ಎಂಬ ಪ್ರಶ್ನೆಗೆ ಫಲಕದ ಚೀಟಿ ನೋಡದೆ ಉತ್ತರ ಹೇಳಲಾಗದು.

ಬಿಸಿಲು ಪ್ರವಾಹದ ಮಿತಿ, ಚಳಿ ವೋಲ್ಟೇಜಿನ ಮಿತಿ

ನಿಯಂತ್ರಕದ ಮೇಲೆ ಎರಡು ಮಿತಿಗಳು ಬರೆದಿರುತ್ತವೆ. ಒಂದು ಆಂಪೇರು, ಇನ್ನೊಂದು ಫಲಕದ ಕಡೆಯ ಗರಿಷ್ಠ ವೋಲ್ಟೇಜು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ಆಂಪೇರಿನ ಲೆಕ್ಕ ಸುಲಭ. ಪಿಡಬ್ಲ್ಯೂಎಂ ಆದರೆ ಫಲಕದ ಹ್ರಸ್ವ ಮಂಡಲ ಪ್ರವಾಹವನ್ನು 1.25ರಿಂದ ಗುಣಿಸಿ. ಮೋಡದ ಅಂಚಿನಿಂದ ಪ್ರತಿಫಲಿಸಿದ ಬೆಳಕೂ ಸೇರಿದಾಗ ಪ್ರವಾಹ ಕ್ಷಣಕಾಲ ಚೀಟಿಯ ಸಂಖ್ಯೆಯನ್ನು ಮೀರುವುದುಂಟು. ನಮ್ಮ ಫಲಕದ್ದು 9.4 ಆಂಪೇರ್. 9.4 × 1.25 = 11.75. ಎಂದರೆ 10 ಆಂಪೇರಿನದು ಸಾಲದು, 20 ಆಂಪೇರಿನದನ್ನು ಕೊಳ್ಳಿ. ಎಂಪಿಪಿಟಿ ಆದರೆ ಫಲಕದ ವಾಟನ್ನು ಬ್ಯಾಟರಿಯ ವೋಲ್ಟೇಜಿನಿಂದ ಭಾಗಿಸಿ. 300 ÷ 12 = 25, ಆದ್ದರಿಂದ 30 ಆಂಪೇರಿನದು ಬೇಕು. ಆಂಪೇರು ತುಸು ಕಡಿಮೆಯಾದರೆ ಉತ್ತಮ ಎಂಪಿಪಿಟಿಗಳು ತಮ್ಮ ಮಿತಿಯಲ್ಲೇ ನಿಂತು ಹೆಚ್ಚಿನದನ್ನು ಬಿಟ್ಟುಬಿಡುತ್ತವೆ. ಫಲಕದ ಒಂದಿಷ್ಟು ಸಾಮರ್ಥ್ಯ ನಷ್ಟವಾಗಬಹುದೇ ಹೊರತು ನಿಯಂತ್ರಕ ಸುಡದು.

ವೋಲ್ಟೇಜಿನ ಮಿತಿ ಹಾಗಲ್ಲ. ಅದನ್ನು ಒಮ್ಮೆ ಮೀರಿದರೂ ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ವೋಲ್ಟೇಜು ಅತಿ ಹೆಚ್ಚಾಗುವುದು ಸುಡುವ ಬಿಸಿಲಿನಲ್ಲಲ್ಲ, ಚಳಿಯ ಬೆಳಗಿನಲ್ಲಿ! ಕೋಶ ತಣ್ಣಗಾದಂತೆ ತೆರೆದ ಮಂಡಲ ವೋಲ್ಟೇಜು 25 ಡಿಗ್ರಿಗಿಂತ ಕೆಳಗಿನ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.3ರಷ್ಟು ಏರುತ್ತದೆ.

ಒಂದು ಉದಾಹರಣೆ ನೋಡೋಣ. ದೊಡ್ಡ ವ್ಯಾನಿನ ಮೇಲೆ 540 ವಾಟಿನ ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದ್ದಾರೆ. ಒಂದೊಂದರ ತೆರೆದ ಮಂಡಲ ವೋಲ್ಟೇಜು 49.5. ಒಟ್ಟು 99. ನಿಯಂತ್ರಕದ ಮಿತಿ 100 ವೋಲ್ಟ್. ಚೀಟಿ ನೋಡಿದವರಿಗೆ ಸರಿಯಾಗಿಯೇ ಇದೆ ಎನಿಸುತ್ತದೆ. ಜನವರಿಯ ಬೆಳಿಗ್ಗೆ ಕೋಶದ ಉಷ್ಣತೆ 10 ಡಿಗ್ರಿ ಇದ್ದರೆ 15 ಡಿಗ್ರಿ ಇಳಿಕೆಗೆ ಶೇಕಡಾ 4.5 ಏರಿಕೆ. ವೋಲ್ಟೇಜು 103.5. ಸೂರ್ಯ ಮೂಡಿದ ಸ್ವಲ್ಪ ಹೊತ್ತಿನಲ್ಲೇ ನಿಯಂತ್ರಕ ಸುಡಬಹುದು. ಇದೇ ವ್ಯಾನ್ ಚಳಿಗಾಲದಲ್ಲಿ ಊಟಿಗೆ ಹೋಯಿತೆನ್ನಿ. ಅಲ್ಲಿ ಡಿಸೆಂಬರ್-ಜನವರಿಯಲ್ಲಿ ಹಿಮ ಬೀಳುವ ಬೆಳಗುಗಳಿವೆ. ಕೋಶ ಸೊನ್ನೆ ಡಿಗ್ರಿಯಲ್ಲಿದ್ದರೆ ಏರಿಕೆ ಶೇಕಡಾ 7.5, ವೋಲ್ಟೇಜು 106ನ್ನು ದಾಟುತ್ತದೆ. ಮನೆಯ ಫಲಕ ಇದ್ದ ಊರಿನಲ್ಲೇ ಇರುತ್ತದೆ. ವ್ಯಾನಿನ ಫಲಕ ಊರು ಬದಲಿಸುತ್ತದೆ. ಆದ್ದರಿಂದ ನೀವು ಹೋಗಬಹುದಾದ ಅತಿ ಚಳಿಯ ಜಾಗಕ್ಕೆ ಲೆಕ್ಕ ಹಾಕಿ, ಅದರ ಮೇಲೆ ಇನ್ನೂ ಸ್ವಲ್ಪ ಅಂತರ ಉಳಿಯುವಂತೆ ನಿಯಂತ್ರಕವನ್ನು ಆರಿಸಿ. ಇಲ್ಲವೇ ಫಲಕಗಳನ್ನು ಸಮಾಂತರವಾಗಿ ಜೋಡಿಸಿ. ಆಗ ವೋಲ್ಟೇಜು 49.5ರಲ್ಲೇ ನಿಲ್ಲುತ್ತದೆ, ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ದುಡಿಯುತ್ತದೆ.

ಬ್ಯಾಟರಿಯ ಜಾತಿ ಯಾವುದು?

ಸೀಸ-ಆಮ್ಲ ಬ್ಯಾಟರಿಯನ್ನು ಮೊದಲು ಸುಮಾರು 14.4 ವೋಲ್ಟಿನವರೆಗೆ ಚಾರ್ಜು ಮಾಡಿ, ತುಂಬಿದ ಮೇಲೆ 13.6 ವೋಲ್ಟಿನಲ್ಲಿ ಕಾಪಾಡಬೇಕು. ಈ ಸಂಖ್ಯೆಗಳು 25 ಡಿಗ್ರಿಯಲ್ಲಿರುವ ಬ್ಯಾಟರಿಗೆ. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಬ್ಯಾಟರಿ 40 ಡಿಗ್ರಿಗೆ ಏರಿದರೆ ಚಾರ್ಜಿನ ವೋಲ್ಟೇಜನ್ನು ಇಳಿಸಬೇಕು. ಒಂದು ಕೋಶಕ್ಕೆ ಡಿಗ್ರಿಗೆ 4 ಮಿಲಿವೋಲ್ಟಿನಂತೆ, 6 ಕೋಶಗಳಿಗೆ 24 ಮಿಲಿವೋಲ್ಟ್. 15 ಡಿಗ್ರಿಗೆ 0.36 ವೋಲ್ಟ್. 14.4ರ ಬದಲು ಸುಮಾರು 14.0 ಸಾಕು. ಹೀಗೆ ತಾನಾಗಿ ತಗ್ಗಿಸುವ ಉಷ್ಣತಾ ಸರಿದೂಗಿಸುವಿಕೆ ಇರುವ ನಿಯಂತ್ರಕವನ್ನೇ ಕೇಳಿ. ಬ್ಯಾಟರಿಯ ಮೈಗೆ ಅಂಟಿಸುವ ತಂತಿಯುಳ್ಳ ಸಂವೇದಕ ಇದ್ದರೆ ಇನ್ನೂ ಒಳ್ಳೆಯದು. ನಿಯಂತ್ರಕ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಇದ್ದರೆ ಎರಡರ ಉಷ್ಣತೆ ಒಂದೇ ಇರದು.

ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ ನಿಯಮಗಳೇ ಬೇರೆ. ಚಾರ್ಜಿನ ವೋಲ್ಟೇಜು 14.2ರಿಂದ 14.4. ಉಷ್ಣತೆಗೆ ತಕ್ಕಂತೆ ಅದನ್ನು ಬದಲಿಸಬಾರದು. ಸೀಸ-ಆಮ್ಲ ಬ್ಯಾಟರಿಗಳಿಗೆ ಆಗೊಮ್ಮೆ ಈಗೊಮ್ಮೆ 15 ವೋಲ್ಟ್ ದಾಟಿಸಿ ಕೋಶಗಳನ್ನು ಸಮಗೊಳಿಸುವ ಕ್ರಮವಿದೆ. ಲಿಥಿಯಂ ಬ್ಯಾಟರಿಗೂ ಮೊಹರು ಮಾಡಿದ ಜೆಲ್ ಬ್ಯಾಟರಿಗೂ ಅದು ಸಲ್ಲದು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಯನ್ನು ಚಾರ್ಜು ಮಾಡಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಆದ್ದರಿಂದ ನಿಮ್ಮ ಬ್ಯಾಟರಿಯ ಜಾತಿಯನ್ನು ಆರಿಸಿ ನಮೂದಿಸುವ ಸೌಲಭ್ಯ ನಿಯಂತ್ರಕದಲ್ಲಿ ಇರಲೇಬೇಕು.

ವಾಹನದಲ್ಲಿ ಮಾತ್ರ ಬರುವ ತೊಡಕು

ವಾಹನಗಳಲ್ಲಿ ಬ್ಯಾಟರಿಯ ಋಣಾಗ್ರವನ್ನು ಲೋಹದ ಚಾಸಿಗೆ ಜೋಡಿಸಿರುತ್ತಾರೆ. ಇತ್ತ ಅಗ್ಗದ ಅನೇಕ ಪಿಡಬ್ಲ್ಯೂಎಂ ನಿಯಂತ್ರಕಗಳಲ್ಲಿ ಫಲಕ, ಬ್ಯಾಟರಿ, ಹೊರೆ ಮೂರರ ಧನಾಗ್ರಗಳು ಒಳಗೇ ಒಂದಾಗಿದ್ದು, ಸ್ವಿಚ್ಚುಗಳು ಋಣಾಗ್ರದ ದಾರಿಯಲ್ಲಿರುತ್ತವೆ. ತಂತಿ ಉಳಿಸಲು ದೀಪದ ಋಣ ತಂತಿಯನ್ನು ಹತ್ತಿರದ ಚಾಸಿಗೆ ತಗುಲಿಸಿದಿರಿ ಎನ್ನಿ. ಪ್ರವಾಹ ಸ್ವಿಚ್ಚನ್ನು ಬಿಟ್ಟು ಚಾಸಿಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಬ್ಯಾಟರಿ ಬರಿದಾದರೂ ದೀಪ ಆರದು. ಫಲಕದ ಋಣ ತಂತಿಯನ್ನು ಚಾಸಿಗೆ ತಗುಲಿಸಿದರೆ ಇನ್ನೂ ಅಪಾಯ. ಬ್ಯಾಟರಿ ತುಂಬಿದ ಮೇಲೂ ಚಾರ್ಜು ನಿಲ್ಲದು.

ಪರೀಕ್ಷೆ ಸುಲಭ. ಏನನ್ನೂ ಜೋಡಿಸದ ನಿಯಂತ್ರಕದಲ್ಲಿ ಫಲಕದ ಋಣಾಗ್ರ ಮತ್ತು ಬ್ಯಾಟರಿಯ ಋಣಾಗ್ರಗಳ ನಡುವೆ ಮಲ್ಟಿಮೀಟರಿನ ಬೀಪ್ ಪರೀಕ್ಷೆ ಮಾಡಿ. ಸದ್ದು ಬಂದರೆ ಋಣಾಗ್ರ ಸಾಮಾನ್ಯ, ವಾಹನಕ್ಕೆ ಒಪ್ಪುತ್ತದೆ. ಬರದಿದ್ದರೆ ಫಲಕದ ಮತ್ತು ಹೊರೆಯ ಎರಡೂ ತಂತಿಗಳನ್ನು ಚಾಸಿಗೆ ತಾಗಿಸದೆ ನಿಯಂತ್ರಕದವರೆಗೆ ತನ್ನಿ.

ತಂತಿಯ ದಪ್ಪವನ್ನೂ ಕಡೆಗಣಿಸಬೇಡಿ. ಫಲಕಕ್ಕೆ ಹೋಗಿಬರುವ ಒಟ್ಟು 10 ಮೀಟರ್ ತಾಮ್ರದ ತಂತಿ 2.5 ಚದರ ಮಿಲಿಮೀಟರಿನದಾದರೆ ಅದರ ರೋಧ ಸುಮಾರು 0.07 ಓಮ್. 9 ಆಂಪೇರಿಗೆ ನಷ್ಟ 0.63 ವೋಲ್ಟ್. 4 ಚದರ ಮಿಲಿಮೀಟರಿನದಾದರೆ 0.39 ವೋಲ್ಟ್. ಬಿಸಿಲಿಗೆ ಕಾದ 36 ಕೋಶಗಳ ಫಲಕದ ಗರಿಷ್ಠ ಸಾಮರ್ಥ್ಯದ ವೋಲ್ಟೇಜು 15ರ ಆಸುಪಾಸಿಗೆ ಇಳಿದಿರುತ್ತದೆ. ಬ್ಯಾಟರಿ ಕೇಳುವುದು 14.4. ನಡುವೆ ಉಳಿದಿರುವುದು ಇಷ್ಟೇ. ಪಿಡಬ್ಲ್ಯೂಎಂ ಬಳಸುವವರಿಗೆ ದಪ್ಪ ತಂತಿ ಬಹು ಮುಖ್ಯ.

ಜೋಡಿಸುವ ಕ್ರಮ ಹೀಗಿರಲಿ. ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ, ಆಮೇಲೆ ಬ್ಯಾಟರಿ. ಬೆಳಕು ಬಿದ್ದಿರುವವರೆಗೂ ಫಲಕ ಜೀವಂತವಾದ್ದರಿಂದ ದಪ್ಪ ಬಟ್ಟೆ ಮುಚ್ಚಿ ಕೆಲಸ ಮಾಡಿ. ಬ್ಯಾಟರಿಯ ಧನಾಗ್ರದ ಪಕ್ಕದಲ್ಲೇ ಫ್ಯೂಸ್ ಇರಬೇಕು. ನಿಯಂತ್ರಕವನ್ನು ಗಾಳಿಯಾಡುವ ಕಡೆ, ಬ್ಯಾಟರಿಯ ನೇರ ಮೇಲಲ್ಲದ ಜಾಗದಲ್ಲಿ ಕೂರಿಸಿ. ನೀರು ಹಾಕುವ ಬ್ಯಾಟರಿಯಾದರೆ ಅದರ ಪೆಟ್ಟಿಗೆಯಿಂದ ವ್ಯಾನಿನ ಹೊರಗೆ ಗಾಳಿ ಹೋಗುವ ಕೊಳವೆ ಬೇಕು. ಇನ್ವರ್ಟರನ್ನು ನಿಯಂತ್ರಕದ ಹೊರೆಯ ತುದಿಗಳಿಗೆ ಜೋಡಿಸಬೇಡಿ. ಅದು ಎಳೆಯುವ ಪ್ರವಾಹವನ್ನು ಆ ತುದಿಗಳು ತಾಳಲಾರವು. ಫ್ಯೂಸಿನ ಮೂಲಕ ನೇರ ಬ್ಯಾಟರಿಗೇ ಜೋಡಿಸಿ. ವಾಹನದ ರಚನೆಯಲ್ಲಿ ಬದಲಾವಣೆ ಮಾಡುವುದಕ್ಕೆ ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಕಟ್ಟುಪಾಡುಗಳಿವೆ. ಸೀಟು ತೆಗೆಯುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಹೆಸರೊಂದು, ಒಳಗಿರುವುದೊಂದು

ಎಂಪಿಪಿಟಿ ಎಂಬ ಚೀಟಿ ಅಂಟಿಸಿದ ಪಿಡಬ್ಲ್ಯೂಎಂ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಗುರುತಿಸಲು ವೋಲ್ಟ್‌ಮೀಟರೊಂದು ಸಾಕು. ಅರ್ಧ ಬರಿದಾದ ಬ್ಯಾಟರಿಯನ್ನು ಒಳ್ಳೆಯ ಬಿಸಿಲಿನಲ್ಲಿ ಚಾರ್ಜಿಗೆ ಇಟ್ಟು, ನಿಯಂತ್ರಕದ ಫಲಕದ ತುದಿಗಳ ನಡುವಿನ ವೋಲ್ಟೇಜನ್ನೂ ಬ್ಯಾಟರಿಯ ತುದಿಗಳ ನಡುವಿನ ವೋಲ್ಟೇಜನ್ನೂ ಅಳೆಯಿರಿ. ಎರಡರ ಅಂತರ ಅರ್ಧ ವೋಲ್ಟಿನಷ್ಟಿದ್ದರೆ ಅದು ಪಿಡಬ್ಲ್ಯೂಎಂ. ಫಲಕದ ಕಡೆ ಎರಡು ವೋಲ್ಟಾದರೂ ಹೆಚ್ಚು ಇದ್ದು, ಬ್ಯಾಟರಿಗೆ ಹೋಗುವ ಪ್ರವಾಹ ಫಲಕದಿಂದ ಬರುವ ಪ್ರವಾಹಕ್ಕಿಂತ ಹೆಚ್ಚಿದ್ದರೆ ಮಾತ್ರ ನಿಜವಾದ ಎಂಪಿಪಿಟಿ. ಬ್ಯಾಟರಿ ತುಂಬಿರುವಾಗ ಈ ಪರೀಕ್ಷೆ ಮಾಡಬಾರದು. ಆಗ ಪಿಡಬ್ಲ್ಯೂಎಂನಲ್ಲೂ ಫಲಕದ ವೋಲ್ಟೇಜು ಮೇಲೇರಿರುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಇಷ್ಟನ್ನೂ ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. 12 ವೋಲ್ಟ್ ಬ್ಯಾಟರಿಗೆಂದು ಮಾರುವ 10 ವಾಟಿನ ಫಲಕ, ಒಂದು ಆಂಪೇರ್ ತಾಳುವ 100 ಓಮಿನ ರಿಯೋಸ್ಟಾಟ್, ಎರಡು ಮಲ್ಟಿಮೀಟರ್ ಸಾಕು. ಫಲಕವನ್ನು ಬಿಸಿಲಿನಲ್ಲಿಟ್ಟು, ರಿಯೋಸ್ಟಾಟನ್ನು ಅದಕ್ಕೆ ಜೋಡಿಸಿ, ರೋಧವನ್ನು ಹಂತಹಂತವಾಗಿ ಬದಲಿಸುತ್ತ ಪ್ರತಿ ಸಲವೂ ವೋಲ್ಟೇಜು ಮತ್ತು ಪ್ರವಾಹಗಳನ್ನು ಬರೆದುಕೊಳ್ಳಿ. ಎರಡನ್ನೂ ಗುಣಿಸಿ, ವೋಲ್ಟೇಜಿಗೆದುರಾಗಿ ಸಾಮರ್ಥ್ಯದ ನಕ್ಷೆ ಬರೆಯಿರಿ. ರೋಧ 30 ಓಮಿನ ಆಸುಪಾಸಿನಲ್ಲಿರುವಾಗ ಶಿಖರ ಕಾಣಿಸುತ್ತದೆ. ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ಕಾದಾಗ ಇನ್ನೊಮ್ಮೆ ಮಾಡಿ ಎರಡೂ ನಕ್ಷೆಗಳನ್ನು ಒಂದೇ ಹಾಳೆಯ ಮೇಲೆ ಬರೆಯಿರಿ. ಮಧ್ಯಾಹ್ನದ ಶಿಖರ ಎಡಕ್ಕೆ ಸರಿದಿರುತ್ತದೆ. ಆಮೇಲೆ 13 ವೋಲ್ಟಿನಲ್ಲಿ ಒಂದು ಲಂಬ ರೇಖೆ ಎಳೆಯಿರಿ. ಪಿಡಬ್ಲ್ಯೂಎಂ ನಿಯಂತ್ರಕ ದುಡಿಯುವುದು ಆ ರೇಖೆಯ ಮೇಲೆ, ಎಂಪಿಪಿಟಿ ದುಡಿಯುವುದು ಶಿಖರದಲ್ಲಿ. ಎರಡರ ನಡುವಿನ ಎತ್ತರವನ್ನು ಮಕ್ಕಳೇ ಅಳೆದು, ನಿಮ್ಮ ಊರಿನ ಬಿಸಿಲಿನಲ್ಲಿ ಎಷ್ಟು ಶೇಕಡಾ ಎಂದು ಹೇಳಲಿ.